ತಲುಪದ ಓಲೆಗಳು

ಹೈದರಾಬಾದಿನ ಕನ್ನಡ ಸಂಘವೊಂದು ಒಂದು ಭಾನುವಾರ ಬೆಳಿಗ್ಗೆ ತನ್ನ ಸದಸ್ಯರಿಗಾಗಿ ಉಚಿತ ಆರೋಗ್ಯ ತಪಾಸಣೆಯನ್ನು ಏರ್ಪಡಿಸಿತ್ತು. ರಕ್ತದಲ್ಲಿರುವ ಸಕ್ಕರೆಯ ಪ್ರಮಾಣವನ್ನು ಬರಿಹೊಟ್ಟೆಯಲ್ಲಿ ಅಳೆಯಬೇಕಾದರೆ ಅದಕ್ಕೆ ಮೊದಲು ಕನಿಷ್ಠ 8 ಗಂಟೆಗಳ ಕಾಲ ನೀರಿನ ಹೊರತು ಬೇರೇನನ್ನೂ ಸೇವಿಸಿರಬಾರದು. ಈ ಸೂಚನೆಯನ್ನು ಒಳಗೊಂಡ ಪತ್ರವನ್ನು ಕಾರ್ಯದರ್ಶಿಗಳು ಶುಕ್ರವಾರ ರಾತ್ರಿಯೇ ತಮ್ಮ ಸ್ವಂತ ಮಿನ್ನಂಚೆ ವಿಳಾಸದಿಂದ ಆರು ನೂರು ಮನೆಗಳಿಗೆ ಕಳುಹಿಸಿ ನಿಶ್ಚಿಂತರಾಗಿದ್ದರು. ಆದರೆ ಭಾನುವಾರ ಬಂದವರಲ್ಲಿ ಹೆಚ್ಚಿನವರು ಉಪ್ಪಿಟ್ಟು, ಕಾಫಿ ಮುಗಿಸಿಕೊಂಡೇ ಬಂದಿದ್ದರು. ಎರಡು ಬಸ್ಸು ಬದಲಿಸಿ ಬಂದಿದ್ದ ಕಲಬುರ್ಗಿ ಕಡೆಯ ಹಿರಿಯರೊಬ್ಬರು, "ಉಪಾಸ ಬರಬೇಕಂತ ಮೊದಲೇ ತಿಳಿಸಬೇಕಿತ್ತಲ್ರಿ ಸೆಕ್ರೆಟರಿಯವರೇ" ಎಂದು ಆಕ್ಷೇಪಿಸಿದಾಗ, ಕಾರ್ಯದರ್ಶಿಗಳು ತಮ್ಮ ಮೊಬೈಲಿನಲ್ಲಿ 'ಕಳುಹಿಸಲಾದ ಪತ್ರಗಳು' ಎಂಬ ಭಾಗವನ್ನು ತೆರೆದು ತೋರಿಸಿದರು. ಪತ್ರವು ಅಲ್ಲಿ ಇತ್ತು. ಹಿರಿಯರ ಅಂಚೆಪೆಟ್ಟಿಗೆಯಲ್ಲಿ ಇರಲಿಲ್ಲ.

ಇಂತಹ ಸಂದರ್ಭಗಳಲ್ಲಿ ದೋಷವನ್ನು ಸರ್ವರಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ವಾಡಿಕೆಯಾಗಿದೆ. ('ಸರ್ವರ್ ಡೌನ್' ಎಂಬ ಎರಡು ಪದಗಳಿಗೆ ಬ್ಯಾಂಕಿನ ಕೌಂಟರಿನಲ್ಲೂ ಎಷ್ಟು ಬೆಲೆಯುಂಟೆಂಬುದನ್ನು ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.) ಆದರೆ ಹೊರಹೋಗುವ ಮಿನ್ನಂಚೆಯು ತಡೆಯಲ್ಪಡುವುದು ಬಹುಮಟ್ಟಿಗೆ ಯಂತ್ರದ ವೈಫಲ್ಯದಿಂದಲ್ಲ. ಯಂತ್ರವು ತನಗೆ ಒಪ್ಪಿಸಿದ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ ಪತ್ರವು ನಿಂತಿರುತ್ತದೆ. ಕಳುಹಿಸಿದವರು ಯಾರೆಂಬುದು ಅದಕ್ಕೆ ಖಚಿತವಾಗಿರುವುದಿಲ್ಲ, ಅಥವಾ ಕಳುಹಿಸಿದವರಿಗೆ ತಾವು ಯಾರಿಗೆ ಬರೆಯುತ್ತಿದ್ದೇವೆಂಬುದು ತಿಳಿದಿಲ್ಲವೆಂದು ಅದಕ್ಕೆ ಮನವರಿಕೆಯಾಗಿರುತ್ತದೆ. ಸಂಘ ಸಂಸ್ಥೆಗಳ ವಿಷಯದಲ್ಲಿ ಈ ಎರಡನೆಯ ಕಾರಣವೇ ಹೆಚ್ಚು ಗಂಭೀರವಾದುದು.

ಚೆಕ್ಕೊಂದು ಕ್ಲಿಯರಿಂಗಿನಲ್ಲಿ ಹಿಂದಿರುಗಿದರೆ ಅದರ ಜೊತೆಯಲ್ಲಿ ಕಾರಣವನ್ನು ನಮೂದಿಸಿದ ಒಂದು ಮೆಮೊ ಇರುತ್ತದೆ. ಖಾತೆಯಲ್ಲಿ ಹಣವಿಲ್ಲ, ಸಹಿ ಹೊಂದುವುದಿಲ್ಲ, ಖಾತೆ ಮುಚ್ಚಲಾಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಮೆಮೊವನ್ನು ಓದದೆ ಅದೇ ಚೆಕ್ಕನ್ನು ಮತ್ತೆ ಮತ್ತೆ ಹಾಜರುಪಡಿಸುವ ಗ್ರಾಹಕನನ್ನು ಯಾರೂ ಬುದ್ಧಿವಂತನೆನ್ನಲಾರರು. ಮಿನ್ನಂಚೆಯೂ ಹೀಗೆಯೇ ಮೆಮೊದೊಡನೆ ಹಿಂದಿರುಗುತ್ತದೆ. ಅದು ಇಂಗ್ಲಿಷಿನಲ್ಲಿದ್ದು ಅಂಕಿಗಳಿಂದ ತುಂಬಿರುವುದರಿಂದ ಯಾರೂ ಅದನ್ನು ಓದದೆ ಅಳಿಸಿಹಾಕುತ್ತಾರೆ. ಅದರಲ್ಲಿ 4ರಿಂದ ಪ್ರಾರಂಭವಾಗುವ ಮೂರಂಕಿಯ ಸಂಖ್ಯೆಯಿದ್ದರೆ ಅಡಚಣೆ ತಾತ್ಕಾಲಿಕವೆಂದೂ, ಸರ್ವರು ತಾನೇ ಮತ್ತೆ ಪ್ರಯತ್ನಿಸುವುದೆಂದೂ ತಿಳಿಯಬೇಕು. 5ರಿಂದ ಪ್ರಾರಂಭವಾದರೆ ನಿರಾಕರಣೆ ಶಾಶ್ವತವಾದುದು. 550ರ ಜೊತೆಗೆ 5.1.1 ಎಂದಿದ್ದರೆ ಆ ವಿಳಾಸವೇ ಇಲ್ಲ. 5.2.2 ಎಂದಿದ್ದರೆ ಪೆಟ್ಟಿಗೆ ತುಂಬಿದೆ. 5.7 ಎಂಬ ಅಂಕಿಗಳು ಕಂಡರೆ ಮಾತ್ರ ಕಾರ್ಯದರ್ಶಿಗಳು ಎಚ್ಚರಗೊಳ್ಳಬೇಕು, ಏಕೆಂದರೆ ಅಲ್ಲಿ ಶಂಕೆಗೆ ಒಳಗಾಗಿರುವುದು ಅವರೇ. ಇವಿಷ್ಟನ್ನು ತಿಳಿಯಲು ಯಾವ ಎಂಜಿನಿಯರಿಂಗ್ ಪದವಿಯೂ ಬೇಕಾಗಿಲ್ಲ.

ಹೀಗೆ ಶಂಕಿಸುವ ಅಗತ್ಯವಾದರೂ ಏಕೆ ಬಂತು? 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆಯು ಜಾರಿಗೆ ಬಂದಂದಿನಿಂದ ಪತ್ರದ ವೆಚ್ಚವನ್ನು ಕಳುಹಿಸುವವನೇ ಮುಂಗಡವಾಗಿ ಭರಿಸುವ ಪದ್ಧತಿ ಬೇರೂರಿತು. ಒಂದು ಕಾರ್ಡಿಗೆ ಕಾಸು ಕೊಡಬೇಕಾದವನು ಸಾವಿರ ಜನ ಅಪರಿಚಿತರಿಗೆ ಬರೆಯುವ ಮೊದಲು ಯೋಚಿಸುತ್ತಾನೆ. ಮಿನ್ನಂಚೆಯಲ್ಲಿ ಈ ತಡೆ ಇಲ್ಲ. ಕಳುಹಿಸುವವನಿಗೆ ಹತ್ತು ಪತ್ರಗಳಿಗೂ ಹತ್ತು ಲಕ್ಷ ಪತ್ರಗಳಿಗೂ ವೆಚ್ಚದಲ್ಲಿ ಹೆಚ್ಚಿನ ಅಂತರವಿಲ್ಲ. ಅವನ್ನು ಸಂಗ್ರಹಿಸುವ, ಶೋಧಿಸುವ, ಅಳಿಸುವ ಹೊರೆಯೆಲ್ಲವೂ ಪಡೆಯುವವನದು. ವೆಚ್ಚ ಒಬ್ಬನದು, ಲಾಭ ಇನ್ನೊಬ್ಬನದು ಆದಲ್ಲಿ ದುರುಪಯೋಗವಾಗದೆ ಇರುವುದಿಲ್ಲವೆಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. 1978ರ ಮೇ ತಿಂಗಳಿನಲ್ಲಿಯೇ, ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪನಿಯ ಗ್ಯಾರಿ ಥರ್ಕ್ ಎಂಬಾತ ತನ್ನ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು 400 ಮಂದಿಗೆ ಒಮ್ಮೆಲೇ ಕಳುಹಿಸಿ ಅವರ ಕೋಪಕ್ಕೆ ಪಾತ್ರನಾಗಿದ್ದನು. ಆದರೂ 1982ರಲ್ಲಿ ಪ್ರಕಟವಾದ ಮಿನ್ನಂಚೆ ರವಾನೆಯ ನಿಯಮಾವಳಿಯಲ್ಲಿ ಕಳುಹಿಸಿದವನ ಗುರುತನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಅಂದು ಆ ಜಾಲದಲ್ಲಿದ್ದವರು ಬಹುಪಾಲು ಪರಸ್ಪರ ಬಲ್ಲ ವಿದ್ವಾಂಸರು. ಲಕೋಟೆಯ ಹಿಂಭಾಗದಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಾಗಿತ್ತು. ಇಂದಿಗೂ ಬರೆಯಬಹುದು. ಇಂದು ಅದನ್ನು ನಂಬುವವರಿಲ್ಲ, ಅಷ್ಟೇ.

ಹೈದರಾಬಾದಿನ ಹಳೆಯ ತಲೆಮಾರಿನ ಕನ್ನಡ ಕುಟುಂಬಗಳಿಗೆ ಇದು ಹೊಸ ಅನುಭವವೇನೂ ಅಲ್ಲ. ನಿಜಾಮರ ಸರ್ಕಾರವು 1869ರಲ್ಲಿ ತನ್ನದೇ ಆದ ಅಂಚೆಚೀಟಿಯನ್ನು ಹೊರತಂದಿತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆಗ ಇದೇ ಸಂಸ್ಥಾನಕ್ಕೆ ಸೇರಿದ್ದವು. ಕಾಚಿಗುಡದಿಂದ ಗುಲಬರ್ಗಾಕ್ಕೆ ಬರೆಯುವವನಿಗೆ ನಿಜಾಮರ ಚೀಟಿ ಸಾಕಾಗುತ್ತಿತ್ತು. ಅದೇ ಓಲೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಾದಲ್ಲಿ ಆ ಚೀಟಿಗೆ ಬೆಲೆಯಿರಲಿಲ್ಲ, ಬ್ರಿಟಿಷ್ ಇಂಡಿಯಾದ ಚೀಟಿಯನ್ನೇ ಅಂಟಿಸಬೇಕಾಗಿತ್ತು. ಗಡಿಯಾಚೆಯ ಅಂಚೆಯವನು ಮಾನ್ಯ ಮಾಡುವ ಗುರುತು ಪತ್ರದ ಮೇಲಿರಬೇಕೆಂಬುದೇ ಅಂದಿನ ನಿಯಮದ ತಿರುಳು, ಇಂದಿನದೂ ಅದೇ.

ಇಂದಿನ ಗುರುತುಗಳು ಮೂರು. ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಇವು ಸುಲಭವಾಗಿ ಅರ್ಥವಾಗುತ್ತವೆ. ಸಂಸ್ಥೆಯೊಂದು ಖಾತೆ ತೆರೆಯುವಾಗ, ತನ್ನ ಪರವಾಗಿ ಯಾರು ಯಾರು ಸಹಿ ಮಾಡಬಹುದೆಂಬ ಪಟ್ಟಿಯನ್ನು ಠರಾವಿನೊಡನೆ ಕೊಡುತ್ತದೆ. ಅಂತೆಯೇ ಒಂದು ಡೊಮೇನ್‌ನ ಒಡೆಯರು ತಮ್ಮ ಹೆಸರಿನಲ್ಲಿ ಯಾವ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂದು ಬಹಿರಂಗವಾಗಿ ಪ್ರಕಟಿಸುವ ಪಟ್ಟಿಗೆ ಎಸ್‌ಪಿಎಫ್ ಎಂದು ಹೆಸರು. ಎರಡನೆಯದಾದ ಡಿಕಿಮ್ ಎಂಬುದು ಸಹಿಯಿದ್ದಂತೆ. ಕಳುಹಿಸುವ ಸರ್ವರು ಪ್ರತಿ ಪತ್ರಕ್ಕೂ ಗಣಿತದ ಆಧಾರದಿಂದ ರಚಿಸಿದ ಮುದ್ರೆಯೊಂದನ್ನು ಲಗತ್ತಿಸುತ್ತದೆ. ಪಡೆಯುವ ಸರ್ವರು ಅದನ್ನು ಪ್ರಕಟಿತವಾದ ಕೀಲಿಯೊಡನೆ, ಮಾದರಿ ಸಹಿಯ ಕಾರ್ಡನ್ನು ನೋಡುವ ಗುಮಾಸ್ತನಂತೆ, ತಾಳೆನೋಡುತ್ತದೆ. ಮಾರ್ಗಮಧ್ಯದಲ್ಲಿ ಪತ್ರವನ್ನು ಯಾರಾದರೂ ತಿದ್ದಿದ್ದರೆ ಮುದ್ರೆ ಹೊಂದುವುದಿಲ್ಲ. ಮೂರನೆಯದು ಡಿಮಾರ್ಕ್. ಪಟ್ಟಿಯಾಗಲಿ ಸಹಿಯಾಗಲಿ ಹೊಂದದಿದ್ದಾಗ ಪತ್ರವನ್ನು ಹಾಗೆಯೇ ಬಿಡಬೇಕೋ, ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳಬೇಕೋ, ಬಾಗಿಲಿನಲ್ಲಿಯೇ ತಿರಸ್ಕರಿಸಬೇಕೋ ಎಂಬ ಒಡೆಯರ ಆದೇಶವಿದು.

ಈ ಆದೇಶದ ಬಿಸಿ ಮೊದಲು ತಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ತನ್ನ ವಿಳಾಸದ ಹೆಸರಿನಲ್ಲಿ ಬೇರೆಯವರ ಸರ್ವರಿನಿಂದ ಹೊರಟ ಪತ್ರಗಳನ್ನು ತಿರಸ್ಕರಿಸಬೇಕೆಂದು ಯಾಹೂ ಪ್ರಕಟಿಸಿದೊಡನೆ, ಯಾಹೂ ವಿಳಾಸವನ್ನೇ ಇಟ್ಟುಕೊಂಡು ಇತರ ಸೇವೆಗಳ ಮೂಲಕ ಸುತ್ತೋಲೆ ಹೊರಡಿಸುತ್ತಿದ್ದ ಜಗತ್ತಿನ ಅಸಂಖ್ಯ ಸಂಘಟನೆಗಳ ಪತ್ರಗಳು ರಾತ್ರೋರಾತ್ರಿ ನಿಂತುಹೋದವು. ಬಳಿಕ 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂಗಳು ನಿಯಮಗಳನ್ನು ಮತ್ತಷ್ಟು ಬಿಗಿಗೊಳಿಸಿದವು. ಜಿಮೇಲ್‌ಗೆ ಬರೆಯುವ ಯಾರೇ ಆಗಲಿ, ಎಸ್‌ಪಿಎಫ್ ಅಥವಾ ಡಿಕಿಮ್ ಎರಡರಲ್ಲೊಂದನ್ನಾದರೂ ಹೊಂದಿರಬೇಕು. ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ಇದಲ್ಲದೆ, 'ಇದು ಸ್ಪ್ಯಾಮ್' ಎಂದು ಪಡೆಯುವವರು ಮಾಡುವ ದೂರುಗಳ ಪ್ರಮಾಣ ಶೇಕಡಾ 0.3ನ್ನು ಮುಟ್ಟಬಾರದು. ಈ ಅಂಕಿಯ ಮೇಲೆ ಕಾರ್ಯಕಾರಿ ಸಮಿತಿಗಳವರು ಸ್ವಲ್ಪ ಗಮನ ಹರಿಸುವುದು ಒಳ್ಳೆಯದು. ಆರು ನೂರು ಪತ್ರಗಳಲ್ಲಿ ಇಬ್ಬರು ಬೇಸರದಿಂದ ಆ ಗುಂಡಿಯನ್ನು ಒತ್ತಿದರೂ ಮಿತಿ ದಾಟಿದಂತೆಯೇ!

ಹೆಸರಿಗೂ ವಿಶ್ವಾಸಕ್ಕೂ ಇರುವ ಈ ಸಂಬಂಧವನ್ನು ಅರಿಯಲು ಹೈದರಾಬಾದಿನವರು ದೂರ ಹೋಗಬೇಕಾಗಿಲ್ಲ. ರಿಸರ್ವ್ ಬ್ಯಾಂಕು 1996ರಲ್ಲಿ ಸ್ಥಾಪಿಸಿದ ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಯು ಇದೇ ನಗರದ ಮಾಸಾಬ್ ಟ್ಯಾಂಕಿನಲ್ಲಿದೆ. ಬ್ಯಾಂಕುಗಳ ಹೆಸರನ್ನು ಹೋಲುವ ನಕಲಿ ತಾಣಗಳೂ ಪತ್ರಗಳೂ ಗ್ರಾಹಕರನ್ನು ವಂಚಿಸುತ್ತಿದ್ದುದನ್ನು ಕಂಡು, ರಿಸರ್ವ್ ಬ್ಯಾಂಕು 2025ರ ಫೆಬ್ರವರಿಯಲ್ಲಿ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಪ್ರತ್ಯೇಕ ಡೊಮೇನನ್ನು ಘೋಷಿಸಿ, ಅದರ ನೋಂದಣಿಯ ಅಧಿಕಾರವನ್ನು ಈ ಸಂಸ್ಥೆಯೊಂದಕ್ಕೇ ವಹಿಸಿತು. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಈ ಹೆಸರಿಗೆ ಬದಲಾಗಬೇಕೆಂದು ಗಡುವನ್ನೂ ವಿಧಿಸಿತು. ಕಂಡವರೆಲ್ಲರೂ ಕೊಳ್ಳಲಾಗದ ಹೆಸರು ಎಂಬುದೇ ಅದರ ಬೆಲೆ.

ಸಿದ್ಧತೆಯಿಲ್ಲದೆ ಇಂತಹ ನಿಯಮವನ್ನು ಎದುರಿಸಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯುಂಟು. ಮೊಬೈಲಿನ ಕಿರುಸಂದೇಶಗಳಿಗೆ ಸಂಬಂಧಿಸಿದಂತೆ ಟ್ರಾಯ್ ಸಂಸ್ಥೆ 2018ರಲ್ಲಿಯೇ ನಿಯಮ ರೂಪಿಸಿ, ಸಂಸ್ಥೆಗಳು ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕೆಂದು ತಿಳಿಸಿತ್ತು. 2021ರ ಮಾರ್ಚ್ 8ರಂದು ಕಂಪನಿಗಳು ನಿಜವಾಗಿ ಶೋಧಿಸಲು ತೊಡಗಿದಾಗ, ನೋಂದಣಿ ಮಾಡದವರ ಸಂದೇಶಗಳು ನಿಂತು, ಬ್ಯಾಂಕಿನ ಒಟಿಪಿಗಳೂ ಗ್ರಾಹಕರಿಗೆ ಬಾರದೆ ದೇಶಾದ್ಯಂತ ಗೊಂದಲವುಂಟಾಯಿತು. ಮರುದಿನವೇ ಆ ಕ್ರಮವನ್ನು ಒಂದು ವಾರ ಮುಂದೂಡಬೇಕಾಯಿತು. ದೊಡ್ಡ ದೊಡ್ಡ ಸಂಸ್ಥೆಗಳೇ ಸುತ್ತೋಲೆಯನ್ನು ಕಡತದಲ್ಲಿಟ್ಟು ಮರೆತಿರುವಾಗ ಸಂಘದ ಕಾರ್ಯದರ್ಶಿಗಳೊಬ್ಬರನ್ನೇ ದೂಷಿಸುವುದು ನ್ಯಾಯವಲ್ಲ.

ಇನ್ನು ಸಂಘಗಳು ತಾವಾಗಿಯೇ ತಂದುಕೊಳ್ಳುವ ಅಡಚಣೆಗಳಿಗೆ ಬರಬಹುದು. ಸಾಮಾನ್ಯ ಜಿಮೇಲ್ ಖಾತೆಯೊಂದರಿಂದ ದಿನವೊಂದಕ್ಕೆ 500 ಜನರಿಗೆ ಮಾತ್ರ ಬರೆಯಬಹುದು. ಮೀರಿದರೆ 24 ಗಂಟೆಗಳವರೆಗೂ ಆ ಖಾತೆಯಿಂದ ಏನನ್ನೂ ಕಳುಹಿಸಲಾಗದು. ಮೇಲೆ ಹೇಳಿದ ಸಂಘದಲ್ಲಿ ಕೊನೆಯ ನೂರು ಮನೆಗಳಿಗೆ ಪತ್ರ ಹೊರಡದೆ ಉಳಿದದ್ದು ಇದರಿಂದ. ಕೆಲವರು ಅಗ್ಗದ ಸರ್ವರಿನಲ್ಲಿ ಜಾಗ ಹಿಡಿಯುತ್ತಾರೆ. ಅದು ವಠಾರದ ಬಾಳು. ಒಂದೇ ಐಪಿ ವಿಳಾಸದಲ್ಲಿ ನೂರಾರು ಬಾಡಿಗೆದಾರರಿದ್ದು, ಅವರಲ್ಲೊಬ್ಬನು ಕಸ ಹರಡಿದರೆ ಇಡೀ ವಠಾರದ ಬಾಗಿಲು ಸಂಖ್ಯೆಯೇ ಕಪ್ಪುಪಟ್ಟಿಗೆ ಸೇರುತ್ತದೆ. ಆಫೀಸಿನ ಒಂದು ಕಂಪ್ಯೂಟರಿಗೆ ವೈರಸ್ ತಗಲಿ ಅದು ರಾತ್ರಿಯಿಡೀ ತಾನೇ ಪತ್ರ ಕಳುಹಿಸುತ್ತಿದ್ದರೂ ಇದೇ ಗತಿ. 1998ರಲ್ಲಿ ಸ್ಥಾಪಿತವಾದ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಇಂತಹ ಪಟ್ಟಿಗಳನ್ನು ನಿರ್ವಹಿಸುತ್ತಿದೆ. ಐಪಿ ವಿಳಾಸವನ್ನು ಅಲ್ಲಿ ಉಚಿತವಾಗಿ ಪರೀಕ್ಷಿಸಿ, ದೋಷವನ್ನು ಸರಿಪಡಿಸಿದ ಮೇಲೆ ಹೆಸರನ್ನು ತೆಗೆಯುವಂತೆ ಕೋರಬಹುದು. ದೋಷವನ್ನು ಉಳಿಸಿಕೊಂಡು ಕೋರಿದರೆ ಹೆಸರು ಮತ್ತೆ ಸೇರುತ್ತದೆ.

ಕನ್ನಡ ಸಂಘಗಳಿಗೇ ವಿಶಿಷ್ಟವಾದ ಒಂದು ತೊಂದರೆಯೂ ಉಂಟು. ಆಹ್ವಾನ ಪತ್ರಿಕೆಯನ್ನು ಮುದ್ರಣಾಲಯದವರು ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿರುತ್ತಾರೆ. ಅದನ್ನೇ ಪತ್ರದಲ್ಲಿ ಅಂಟಿಸಿದರೆ ಅತ್ತ ಕಡೆ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಇದನ್ನು ತಪ್ಪಿಸಲು ಇಡೀ ಪತ್ರಿಕೆಯನ್ನು ಒಂದು ಚಿತ್ರವಾಗಿ ಮಾಡಿ, ಜೊತೆಗೆ ಒಂದು ಮಾತನ್ನೂ ಬರೆಯದೆ ಕಳುಹಿಸುತ್ತಾರೆ. ಪದಗಳೇ ಇಲ್ಲದೆ ಬರಿಯ ಚಿತ್ರವಿರುವ ಪತ್ರವನ್ನು ಸೋಸುಯಂತ್ರಗಳು ಅನುಮಾನಿಸುತ್ತವೆ, ಏಕೆಂದರೆ ಜಾಹೀರಾತಿನ ವಂಚಕರು ಬಹುಕಾಲ ಇದೇ ಉಪಾಯವನ್ನು ಅನುಸರಿಸಿದ್ದರು. ಯೂನಿಕೋಡಿನಲ್ಲಿ ನಾಲ್ಕು ಸಾಲು ಕನ್ನಡವನ್ನು ನೇರವಾಗಿ ಬರೆದು, ಚಿತ್ರವನ್ನು ಕೆಳಗೆ ಇಟ್ಟರೆ ಸಾಕು. ಕನ್ನಡದ ಸಂಘವೊಂದಕ್ಕೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರುವುದು ಸಂಕೋಚದ ಸಂಗತಿ.

ಆದರೆ ಈ ಎಲ್ಲ ಕಾರಣಗಳಿಗಿಂತ ಮಿಗಿಲಾದುದು ಸದಸ್ಯರ ಪಟ್ಟಿ. ಅನೇಕ ಸಂಘಗಳಲ್ಲಿ ಮಿನ್ನಂಚೆ ವಿಳಾಸಗಳ ಪಟ್ಟಿ ಒಂದು ಕಾಲದಲ್ಲಿ ಯಾರೋ ಮಾಡಿದ್ದು. ಕಾರ್ಯದರ್ಶಿಯಿಂದ ಕಾರ್ಯದರ್ಶಿಗೆ ಅದು ಪಿತ್ರಾರ್ಜಿತದಂತೆ ಬಂದಿದೆ. ನೌಕರಿ ಬಿಟ್ಟವರ ಹಳೆಯ ಕಚೇರಿಯ ವಿಳಾಸ, ಮರಳಿ ಬೆಂಗಳೂರಿಗೆ ಹೋದವರದು, ಯಾವುದೋ ಸಮಾರಂಭದಲ್ಲಿ ಅತಿಥಿಗಳಾಗಿ ಬಂದವರದು, ತೀರಿಕೊಂಡವರದು ಎಲ್ಲವೂ ಅದರಲ್ಲಿವೆ. ಗೂಗಲ್ 2023ರ ಡಿಸೆಂಬರ್‌ನಿಂದ, ಎರಡು ವರ್ಷ ಬಳಕೆಯಲ್ಲಿರದ ವೈಯಕ್ತಿಕ ಖಾತೆಗಳನ್ನು ಅಳಿಸತೊಡಗಿದೆ. ಹೀಗಾಗಿ ನಿನ್ನೆ ಮೌನವಾಗಿದ್ದ ವಿಳಾಸಗಳು ಇಂದು ಪತ್ರವನ್ನು ಹಿಂದಿರುಗಿಸುತ್ತವೆ. ಇನ್ನೊಂದು ಅಪಾಯವೆಂದರೆ, ಬಹುಕಾಲ ಅನಾಥವಾಗಿದ್ದ ಕೆಲವು ವಿಳಾಸಗಳನ್ನು ಅವುಗಳ ಒಡೆತನದ ಸಂಸ್ಥೆಗಳು ಬಲೆಗಳಾಗಿ ಮಾರ್ಪಡಿಸುತ್ತವೆ. ಬದುಕಿರುವ ಯಾರೂ ಆ ವಿಳಾಸಕ್ಕೆ ಬರೆಯಲಾರರು. ಅಲ್ಲಿಗೆ ಪತ್ರ ಬಂತೆಂದರೆ, ಕಳುಹಿಸಿದವನು ತನ್ನ ಪಟ್ಟಿಯನ್ನು ನೋಡಿಯೇ ಇಲ್ಲವೆಂದು ಸಾಬೀತಾಯಿತು. ಸತ್ತ ವಿಳಾಸಗಳಿಗೆ ಪದೇ ಪದೇ ಬರೆಯುವವನು ಬದುಕಿರುವವರಿಗೂ ಬರೆಯುವ ಯೋಗ್ಯತೆಯನ್ನು ಕಳೆದುಕೊಳ್ಳುವುದು ಹೀಗೆ.

ಹಿಂದೆ ರಾಜ್ಯೋತ್ಸವದ ಕರೆಯೋಲೆಯನ್ನು ಸಂಘದವರು ಮನೆ ಮನೆಗೆ ಹೋಗಿ ಕೊಡುತ್ತಿದ್ದ ಕಾಲದಲ್ಲಿ ಪಟ್ಟಿ ತಾನೇ ತಾನಾಗಿ ಶುದ್ಧವಾಗುತ್ತಿತ್ತು. ಬಾಗಿಲು ತಟ್ಟಿದವನಿಗೆ ಆ ಮನೆಯವರು ಮಲ್ಕಾಜಗಿರಿಗೆ ಹೋದದ್ದು, ಯಜಮಾನರು ಕಾಯಿಲೆ ಬಿದ್ದಿರುವುದು, ಮಗಳಿಗೆ ಗಂಡು ನೋಡುತ್ತಿರುವುದು ಎಲ್ಲವೂ ತಿಳಿಯುತ್ತಿತ್ತು. ಕರೆಯೋಲೆ ಒಂದು ನೆಪವಾಗಿತ್ತು. ಮಿನ್ನಂಚೆ ಆ ತಿರುಗಾಟವನ್ನು ಉಳಿಸಿತು. ಅದರೊಡನೆ ಆ ತಿಳಿವಳಿಕೆಯೂ ಹೋಯಿತು. ಸೋಸುಯಂತ್ರವು ಇಂದು ಸಂಘವನ್ನು ಅಪರಿಚಿತರೆಂದು ತಡೆಯುತ್ತಿದ್ದರೆ, ಅದರ ನಿರ್ಣಯ ಅಷ್ಟೇನೂ ತಪ್ಪಲ್ಲವೆಂದು ಒಪ್ಪದೆ ವಿಧಿಯಿಲ್ಲ.

ವಾಟ್ಸಾಪ್ ಇರುವಾಗ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಶುಭೋದಯದ ಹೂಗುಚ್ಛಗಳ ನಡುವೆ ಸರ್ವಸದಸ್ಯರ ಸಭೆಯ ನೋಟೀಸು ಎಷ್ಟು ಹೊತ್ತು ಕಾಣಿಸಿಕೊಳ್ಳಬಲ್ಲದು? ಲೆಕ್ಕಪತ್ರ, ತಪಾಸಣೆಯ ವರದಿ, ದೇಣಿಗೆಯ ರಸೀದಿ ಮುಂತಾದವು ಹುಡುಕಿದಾಗ ಸಿಗಬೇಕಾದಂಥವು. ಅದಕ್ಕೆ ಅಂಚೆಪೆಟ್ಟಿಗೆಯೇ ಸರಿ.

ಮಾಡಬೇಕಾದುದು ಹೆಚ್ಚೇನಿಲ್ಲ. ಸಂಘದ ಹೆಸರಿನಲ್ಲಿಯೇ ಒಂದು ಡೊಮೇನನ್ನು ಪಡೆಯಬೇಕು. 'ಡಾಟ್ ಇನ್' ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಗಳು ಸಾಕು. ಮೇಲೆ ಹೇಳಿದ ಮೂರು ಗುರುತುಗಳನ್ನು ಅಳವಡಿಸುವುದು ತಿಳಿದವರಿಗೆ ಒಂದು ಸಂಜೆಯ ಕೆಲಸ. ಸಾಫ್ಟ್‌ವೇರಿನಲ್ಲಿರುವ ಯುವಕರಿಗೆ ಹೈದರಾಬಾದಿನ ಯಾವ ಕನ್ನಡ ಸಂಘದಲ್ಲಿಯೂ ಕೊರತೆಯಿಲ್ಲ, ಅವರನ್ನು ಕೇಳುವವರಿಲ್ಲ. ಡಿಮಾರ್ಕ್‌ನಲ್ಲಿ ಮೊದಲ ಕೆಲವು ವಾರ ಏನನ್ನೂ ತಡೆಯದೆ ವರದಿಯನ್ನು ಮಾತ್ರ ತರಿಸಿಕೊಂಡು, ಎಲ್ಲವೂ ಸರಿಯಿದೆಯೆಂದು ಕಂಡ ಮೇಲೆ ಬಿಗಿಗೊಳಿಸುವುದು ಕ್ಷೇಮ. ಬೇಡವೆನ್ನುವವರು ಸುಲಭವಾಗಿ ಹೆಸರು ತೆಗೆಸಿಕೊಳ್ಳುವ ಒಂದು ಸಾಲು ಪತ್ರದ ಕೊನೆಯಲ್ಲಿರಬೇಕು. ಹಾಗಿಲ್ಲದಿದ್ದರೆ ಅವರು ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಡೊಮೇನಿನ ಮತ್ತು ಅಂಚೆಪೆಟ್ಟಿಗೆಯ ಗುಪ್ತಪದವು ಒಬ್ಬ ವ್ಯಕ್ತಿಯ ಸೊತ್ತಾಗಕೂಡದು. ಗುಪ್ತಪದವನ್ನು ಬಲ್ಲ ಮಾಜಿ ಖಜಾಂಚಿಗಳು ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ, ಇತ್ತ ನವೀಕರಣದ ದಿನ ದಾಟಿ ಹೆಸರೇ ಕೈತಪ್ಪುವುದು ಸಾಧ್ಯವಿಲ್ಲದ ಸಂಗತಿಯಲ್ಲ. ಬ್ಯಾಂಕಿನ ಖಾತೆಯನ್ನು ಇಬ್ಬರು ಪದಾಧಿಕಾರಿಗಳ ಜಂಟಿ ಸಹಿಯಿಂದ ನಡೆಸುವ ಸಂಘಗಳು ತಮ್ಮ ಹೆಸರನ್ನೇ ಒಬ್ಬರ ಜೇಬಿನಲ್ಲಿಡುವುದು ವಿಚಿತ್ರವಾಗಿದೆ. ಅಧಿಕಾರ ಹಸ್ತಾಂತರದ ದಿನ ಪಾಸ್‌ಬುಕ್ಕು, ರಸೀದಿ ಪುಸ್ತಕಗಳೊಡನೆ ಇದನ್ನೂ ಲಿಖಿತವಾಗಿ ಒಪ್ಪಿಸಬೇಕು.

ತಪಾಸಣೆಯ ದಿನದ ಸಂಜೆ ಆ ಕಾರ್ಯದರ್ಶಿಗಳು ಹಿಂದಿರುಗಿ ಬಂದಿದ್ದ ಪತ್ರಗಳನ್ನು ಮೊದಲ ಬಾರಿಗೆ ಒಂದೊಂದಾಗಿ ತೆರೆದು ಓದಿದರು. ಮುಂದಿನ ಎರಡು ವಾರ ಸಂಘದ ಮಹಿಳಾ ವಿಭಾಗದವರು ಆ ಹೆಸರುಗಳನ್ನು ಹಂಚಿಕೊಂಡು ಮನೆಗಳಿಗೆ ಫೋನು ಮಾಡಿದರು. ಕೆಲವರು ಊರು ಬಿಟ್ಟಿದ್ದರು. ಇಬ್ಬರು ತೀರಿಹೋಗಿ ವರ್ಷಗಳಾಗಿದ್ದವು, ಸಂಘದಿಂದ ಒಂದು ಸಂತಾಪದ ಮಾತೂ ಅವರ ಮನೆಗೆ ಹೋಗಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದ ಹಿರಿಯರ ವಿಳಾಸದಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಸದಸ್ಯತ್ವದ ಅರ್ಜಿಯಲ್ಲಿ ಅವರು ಅದನ್ನು ಸರಿಯಾಗಿಯೇ ಬರೆದಿದ್ದರು.